ಹಡಗೇರಿದವನಿಗೆ ವಿಶ್ರಾಂತಿ ಎಂದು?

ಘಟ್ಟದ ಮೇಲಿನ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಕಡಲು ಯಾವಾಗಲೂ ಒಂದು ಬೆರಗು. ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿಗೆ ಸೇರಿದ ತಿಳವಳ್ಳಿಯು ಅಂಥ ನಾಡಿನ ಒಂದು ಊರು. ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ಎಡೆಯಲ್ಲಿ ಅದು ಇದೆ. ಹದಿಮೂರನೆಯ ಶತಮಾನದ ಶಾಂತೇಶ್ವರ ದೇವಾಲಯ ಆ ಊರಿನ ಹೆಮ್ಮೆ. ದೇವರ ಹೆಸರಿನಲ್ಲಿಯೇ ಶಾಂತಿಯುಳ್ಳ ಈ ಊರಿನ ನಮ್ಮ ಹಿರಿಯ ಮಿತ್ರರೊಬ್ಬರು, ಮೂವತ್ತು ವರ್ಷಗಳಿಗೂ ಮಿಕ್ಕಿ ಅಧ್ಯಾಪಕ ವೃತ್ತಿ ನಡೆಸಿ ನಿವೃತ್ತರಾದವರು, ಕೆಲವು ಕಾಲದ ಹಿಂದೆ ಶಾಂತಿಯನ್ನು ಅರಸಿಕೊಂಡು ಕಡಲಿಗೆ ಹೋಗಿದ್ದರು. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿ ಮರಳುವ ವಿಹಾರನೌಕೆಯ ಪ್ರವಾಸ ಅದು. ನಾಲ್ಕು ರಾತ್ರಿ, ಐದು ಹಗಲು. ಟಿಕೀಟನ್ನು ಮಗನು ಕೊಂಡು ಕೊಟ್ಟಿದ್ದನು. “ನೀವು ಜೀವಮಾನದಲ್ಲಿ ಒಮ್ಮೆಯಾದರೂ ಸುಮ್ಮನೆ ಕೂಡಬೇಕು” ಎಂಬುದು ಅವನ ಆಗ್ರಹ.

ಮರಳಿ ಬಂದವರನ್ನು ನಾವು “ಹೇಗಿತ್ತು?” ಎಂದು ವಿಚಾರಿಸಿದೆವು. ಅವರು ನಕ್ಕು ಹೇಳಿದ ಮಾತು ಇದು: “ನಾಕನೇ ದಿನಾ ಮಧ್ಯಾಹ್ನ ನನಗ ವಿಶ್ರಾಂತಿ ಸಿಕ್ತು ನೋಡ್ರಿ. ಮರುದಿನ ಮುಂಜಾನೆ ಇಳೀರಿ ಅಂದ್ರು!”

ಮೊದಲನೆಯ ದಿನ ಕಾಗದಪತ್ರಗಳ ತಪಾಸಣೆ, ಕೋಣೆಯನ್ನು ಹುಡುಕುವ ಗಡಿಬಿಡಿ, ಅಪಾಯಕಾಲದಲ್ಲಿ ಎಲ್ಲಿ ಸೇರಬೇಕೆಂಬ ಕವಾಯತು. ಆ ರಾತ್ರಿ ಮೆತ್ತನೆಯ ಹಾಸಿಗೆಯಿದ್ದರೂ ನಿದ್ರೆ ಅರೆಬರೆ. ಎರಡನೆಯ ದಿನ ಸುತ್ತಲೂ ನೀರು, ತಲೆಯಲ್ಲಿ ತಿರುಗು, ಹೊಟ್ಟೆಯಲ್ಲಿ ತೊಳಸು. ಮೂರನೆಯ ದಿನ ದ್ವೀಪಕ್ಕೆ ಇಳಿಯುವ ಸಾಲು, ಹತ್ತುವ ಸಾಲು. ನಾಲ್ಕನೆಯ ದಿನ ನೋಡತಕ್ಕದ್ದು ಏನೂ ಇರಲಿಲ್ಲ. ಅವರು ಮೇಲಟ್ಟದ ಮೇಲೆ ಕುರ್ಚಿಯಲ್ಲಿ ಕುಳಿತು ನೀರನ್ನು ನೋಡುತ್ತ ಹಾಗೆಯೇ ಕಣ್ಣು ಮುಚ್ಚಿದರು. ಎಚ್ಚರವಾದಾಗ ಅಂದು ಯಾವ ವಾರವೆಂಬುದು ಅವರಿಗೆ ಒಂದು ಕ್ಷಣ ಹೊಳೆಯಲಿಲ್ಲವಂತೆ. ಆ ಒಂದು ಕ್ಷಣಕ್ಕಾಗಿಯೇ ಅವರು ಅಷ್ಟು ದೂರ ಹೋದದ್ದು!

ಇದನ್ನು ಕೇಳಿ ನಾವೂ ನಕ್ಕೆವು. ಆದರೆ ವಿಚಾರ ಮಾಡಿದಷ್ಟೂ ಇದು ನಗೆಯ ಮಾತಲ್ಲವೆಂದು ನಮಗೆ ತೋರಿತು. ಕೆಲಸವನ್ನು ಬಿಟ್ಟ ಗಳಿಗೆಗೂ ವಿಶ್ರಾಂತಿ ದೊರೆತ ಗಳಿಗೆಗೂ ನಡುವೆ ಮೂರು ದಿನಗಳ ಅಂತರವೇಕೆ? ಈ ಅಂತರಕ್ಕೆ ಕಾರಣ ಹಡಗೋ, ಕಡಲೋ, ಅಥವಾ ನಮ್ಮ ದೇಹವೋ? ಉತ್ತರವು ಹಡಗನ್ನು ಎಂದೂ ಕಾಣದ ವಿದ್ಯಾರ್ಥಿಗೂ ಉಪಯುಕ್ತವಾದುದು. ಏಕೆಂದರೆ ನಾಲ್ಕು ದಿನಗಳ ರಜೆಯಲ್ಲಿ ಎಂಟು ಊರುಗಳನ್ನು ಸುತ್ತುವ ಪದ್ಧತಿ ನಮ್ಮಲ್ಲಿ ಬೆಳೆಯುತ್ತಿದೆ. ಅದರಿಂದ ಹೆಚ್ಚು ನಷ್ಟಕ್ಕೆ ಗುರಿಯಾಗುತ್ತಿರುವವರು ವಿದ್ಯಾರ್ಥಿಗಳೇ.

ಮೊದಲು, ವಿಶ್ರಾಂತಿಯೆಂದರೆ ದೇಹದಲ್ಲಿ ಏನು ನಡೆಯುತ್ತದೆಂಬುದನ್ನು ನೋಡೋಣ. ನಮ್ಮ ಇಚ್ಛೆಯನ್ನು ಕಾಯದೆ ತಾನಾಗಿಯೇ ಕೆಲಸ ಮಾಡುವ ನರವ್ಯೂಹವೊಂದು ನಮ್ಮಲ್ಲಿದೆ. ಹೃದಯದ ಬಡಿತ, ಜೀರ್ಣಕ್ರಿಯೆ, ಬೆವರು ಮೊದಲಾದವು ಅದರ ಆಳ್ವಿಕೆಗೆ ಒಳಪಟ್ಟಿವೆ. ಅದಕ್ಕೆ ಎರಡು ಮುಖ್ಯ ಶಾಖೆಗಳು. ಒಂದು ಅವಸರದ ಶಾಖೆ. ಅದು ಹೃದಯವನ್ನು ಬಿರುಸಾಗಿ ಬಡಿಯಿಸುತ್ತದೆ, ಸ್ನಾಯುಗಳಿಗೆ ಹೆಚ್ಚು ರಕ್ತವನ್ನು ಕಳುಹಿಸುತ್ತದೆ, ಜೀರ್ಣಕಾರ್ಯವನ್ನು ತಡೆಹಿಡಿಯುತ್ತದೆ. ಇನ್ನೊಂದು ನೆಮ್ಮದಿಯ ಶಾಖೆ. ಅದು ಬಡಿತವನ್ನು ಇಳಿಸಿ, ಹೊಟ್ಟೆಗೆ ಅದರ ಕೆಲಸವನ್ನು ಮಾಡಿಕೊಳ್ಳಲು ಬಿಡುತ್ತದೆ. ಅಪಾಯ ಕಂಡಾಗ ಹೋರಾಡಲು ಇಲ್ಲವೆ ಓಡಲು ದೇಹವು ಹೀಗೆ ಸಜ್ಜಾಗುವುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915 ರ ತನ್ನ ಗ್ರಂಥದಲ್ಲಿ ವಿವರಿಸಿದನು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಆ ವೇಳೆಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ.

ಈಗ ಒಂದು ಸ್ವಾರಸ್ಯವಾದ ಪ್ರಶ್ನೆ ಏಳುತ್ತದೆ. ಅಡ್ರಿನಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಕಾರ್ಟಿಸಾಲಿನ ಪ್ರಮಾಣವು ಸುಮಾರು ಒಂದು ಒಂದೂವರೆ ಗಂಟೆಗೆ ಅರ್ಧದಷ್ಟಾಗಿ ಇಳಿಯುತ್ತ ಹೋಗುತ್ತದೆ. ಲೆಕ್ಕದ ಪ್ರಕಾರ, ಸಂಜೆ ಹಡಗು ಹತ್ತಿದವನು ನಡುರಾತ್ರಿಯ ಹೊತ್ತಿಗೆ ನೆಮ್ಮದಿಯಾಗಿರಬೇಕು. ಆದರೂ ಮೂರು ದಿನ ಏಕೆ ಬೇಕಾಯಿತು? ಗಂಟೆಯ ನಾದವು ಬೇಗ ಅಡಗುವುದು ನಿಜ. ಆದರೆ ಗಂಟೆಯನ್ನು ಯಾರೋ ಮತ್ತೆ ಮತ್ತೆ ಬಾರಿಸುತ್ತಿದ್ದರೆ ನಾದ ನಿಲ್ಲುವುದೆಂತು? ಆದಕಾರಣ ನಾವು ಹುಡುಕಬೇಕಾದುದು ಗಂಟೆ ಬಾರಿಸುವವರನ್ನು. ನಮಗೆ ತಿಳಿದಮಟ್ಟಿಗೆ ಅಂಥವರು ಮೂವರು: ಹೊಸ ಜಾಗ, ಅಲುಗಾಡುವ ನೆಲ, ಮತ್ತು ಹಿಂದೆ ಬಿಟ್ಟು ಬಂದ ಕೆಲಸ.

ಹೊಸ ಜಾಗದ ಮಾತನ್ನು ಮೊದಲು ತೆಗೆದುಕೊಳ್ಳೋಣ. ಪರಸ್ಥಳದಲ್ಲಿ ಮೊದಲ ರಾತ್ರಿ ನಿದ್ರೆ ಸರಿಯಾಗಿ ಬಾರದೆಂಬುದು ಎಲ್ಲರ ಅನುಭವ. ನಿದ್ರೆಯನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಇದನ್ನು 1966 ರಷ್ಟು ಹಿಂದೆಯೇ “ಮೊದಲ ರಾತ್ರಿಯ ಪರಿಣಾಮ”ವೆಂದು ಗುರುತಿಸಿದ್ದರು. ಪ್ರಯೋಗಶಾಲೆಯಲ್ಲಿ ಮೊದಲ ರಾತ್ರಿ ಮಲಗಿದವರ ನಿದ್ರೆ ನಂಬತಕ್ಕದ್ದಲ್ಲವೆಂದು ಅವರು ಆ ರಾತ್ರಿಯ ಅಳತೆಗಳನ್ನು ಬಿಟ್ಟುಬಿಡುತ್ತಿದ್ದರು. ಹೀಗೆ ಬಿಟ್ಟುಬಿಟ್ಟ ವಿಷಯವನ್ನೇ 2016 ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಮಸಾಕೊ ತಮಾಕಿ, ಯೂಕಾ ಸಸಾಕಿ ಮತ್ತು ಅವರ ಸಂಗಡಿಗರು ಪರೀಕ್ಷೆಗೆ ಎತ್ತಿಕೊಂಡರು. ಅವರಿಗೆ ಕಂಡದ್ದು ಅಚ್ಚರಿಯ ಸಂಗತಿ. ಮೊದಲ ರಾತ್ರಿ ಮಿದುಳಿನ ಎರಡು ಅರ್ಧಗಳೂ ಸಮನಾಗಿ ಗಾಢನಿದ್ರೆಗೆ ಇಳಿಯುವುದಿಲ್ಲ. ಎಡದ ಅರ್ಧದ ನಿದ್ರೆ ಬಲದ್ದಕ್ಕಿಂತ ತೆಳುವಾಗಿರುತ್ತದೆ. ಮಲಗಿದವರಿಗೆ ಅಪರಿಚಿತ ಸದ್ದನ್ನು ಕೇಳಿಸಿದರೆ ಆ ಎಡದ ಅರ್ಧವೇ ಹೆಚ್ಚು ಸ್ಪಂದಿಸುತ್ತದೆ. ಕೆಲವು ದಿನ ಬಿಟ್ಟು ಅವರನ್ನು ಅಲ್ಲಿಯೇ ಎರಡನೆಯ ಬಾರಿ ಮಲಗಿಸಿದಾಗ ಈ ಭೇದ ಕಾಣಿಸಲಿಲ್ಲ.

ಕಾರವಾರದ ಕಡಲಲ್ಲಿ ಕಾಣಸಿಗುವ ಡಾಲ್ಫಿನ್‌ಗಳ ಜಾತಿಯ ಪ್ರಾಣಿಗಳು ಮಿದುಳಿನ ಒಂದು ಅರ್ಧವನ್ನು ಮಲಗಿಸಿ ಇನ್ನೊಂದನ್ನು ಎಚ್ಚರವಾಗಿಟ್ಟುಕೊಳ್ಳುತ್ತವೆಯೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರಬಹುದು. ಮನುಷ್ಯನು ಅಷ್ಟು ದೂರ ಹೋಗಲಾರ. ಆದರೆ ಹೊಸ ಜಾಗದಲ್ಲಿ ಅವನಲ್ಲಿಯೂ ಆ ಕಾವಲಿನ ಒಂದು ನೆರಳು ಉಳಿದಿದೆ. ಫಸಲು ಕಾಯಲು ಅಟ್ಟಣೆಯ ಮೇಲೆ ಮಲಗಿದ ರೈತನು ಒಂದು ಕಿವಿಯನ್ನು ತೆರೆದಿಟ್ಟುಕೊಂಡೇ ಮಲಗುವುದಿಲ್ಲವೆ? ನಮ್ಮ ಅಧ್ಯಾಪಕ ಮಿತ್ರರು ಹಡಗಿನ ಮೊದಲ ರಾತ್ರಿ ಯಂತ್ರದ ಗುಂಯ್ಗುಡುವಿಕೆಗೆ ಪದೇ ಪದೇ ಎಚ್ಚರಗೊಂಡದ್ದು ಹಾಸಿಗೆಯ ದೋಷದಿಂದಲ್ಲ, ಮನಸ್ಸಿನ ದೌರ್ಬಲ್ಯದಿಂದಲೂ ಅಲ್ಲ. ಇಲ್ಲಿ ಅಪಾಯವಿಲ್ಲವೆಂಬ ಭರವಸೆ ದೊರೆಯುವವರೆಗೆ ಮಿದುಳು ಕಾವಲನ್ನು ಬಿಡದು. ಆ ಭರವಸೆಗೆ ಕಡಿಮೆಯೆಂದರೆ ಒಂದು ರಾತ್ರಿಯ ಬೆಲೆ ತೆರಬೇಕು. ಪ್ರತಿ ರಾತ್ರಿಯೂ ಹೊಸ ಊರಿನಲ್ಲಿ ತಂಗುವವನು ಪ್ರತಿ ರಾತ್ರಿಯೂ ಈ ಬೆಲೆಯನ್ನು ಹೊಸದಾಗಿ ತೆರುವ ಸಂಭವ ಹೆಚ್ಚು. ಈ ವಿಷಯದಲ್ಲಿ ಹಡಗಿನವನಿಗೆ ಒಂದು ಅನುಕೂಲವೇ ಇದೆ. ಊರುಗಳು ಬದಲಾದರೂ ಅವನ ಹಾಸಿಗೆ ಬದಲಾಗುವುದಿಲ್ಲ.

ಎರಡನೆಯವನು ಅಲುಗಾಡುವ ನೆಲ. ನಮ್ಮ ಒಳಗಿವಿಯಲ್ಲಿ ಕೇಳುವ ಅಂಗದ ಜೊತೆಗೆ ಸಮತೋಲವನ್ನು ಅರಿಯುವ ಅಂಗವೂ ಇದೆ. ದ್ರವದಿಂದ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನು ತಿಳಿಸುತ್ತವೆ. ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳು ಮೇಲೆ-ಕೆಳಗೆ, ಹಿಂದೆ-ಮುಂದೆ ಆಗುವ ಚಲನೆಯನ್ನೂ ಭೂಮಿಯ ಸೆಳೆತದ ದಿಕ್ಕನ್ನೂ ತಿಳಿಸುತ್ತವೆ. ಹಡಗಿನ ಕೋಣೆಯೊಳಗೆ ಕುಳಿತಾಗ ಕಣ್ಣು, “ಗೋಡೆ ಮೇಜುಗಳು ನಿಶ್ಚಲವಾಗಿವೆ” ಎನ್ನುತ್ತದೆ. ಒಳಗಿವಿ, “ಇಲ್ಲ, ಏರುತ್ತಿದ್ದೇವೆ, ಇಳಿಯುತ್ತಿದ್ದೇವೆ” ಎನ್ನುತ್ತದೆ. ಎರಡು ಸಾಕ್ಷಿಗಳು ಒಂದಕ್ಕೊಂದು ವಿರುದ್ಧವಾಗಿ ನುಡಿದಾಗ ಮಿದುಳಿಗೆ ಉಂಟಾಗುವ ಗೊಂದಲವೇ ಕಡಲಬೇನೆಗೆ ಕಾರಣವೆಂದು ಹೆಚ್ಚಿನ ವಿಜ್ಞಾನಿಗಳ ಮತ. ಸುಮಾರು ಐದು ಸೆಕೆಂಡಿಗೆ ಒಮ್ಮೆ ಮೇಲೆದ್ದು ಕೆಳಗಿಳಿಯುವ ತೂಗಾಟವು ಅತಿ ಹೆಚ್ಚು ತೊಂದರೆ ಕೊಡುವುದೆಂದು 1970 ರ ದಶಕದ ಪ್ರಯೋಗಗಳು ತೋರಿಸಿದವು. ಇಂದಿನ ದೊಡ್ಡ ವಿಹಾರನೌಕೆಗಳಿಗೆ ಎರಡು ಪಕ್ಕದ ಓಲಾಟವನ್ನು ತಗ್ಗಿಸುವ ರೆಕ್ಕೆಗಳನ್ನು ನೀರಿನೊಳಗೆ ಜೋಡಿಸಿರುವುದುಂಟು. ಅವುಗಳಿಂದ ಬೇನೆ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ಆದರೆ ಮಿದುಳು ಕಲಿಯಬಲ್ಲದು. ಎರಡು ಮೂರು ದಿನಗಳಲ್ಲಿ ಬಹುಮಂದಿಗೆ ಹಡಗಿನ ತೂಗಾಟವೇ ಸಹಜವಾಗಿ ಕಾಣತೊಡಗುತ್ತದೆ. ಎಷ್ಟರಮಟ್ಟಿಗೆಂದರೆ, ಹಡಗಿನಿಂದ ಇಳಿದ ಮೇಲೆ ಗಟ್ಟಿ ನೆಲವೇ ತೂಗುತ್ತಿರುವಂತೆ ಕೆಲವು ಹೊತ್ತು ಭಾಸವಾಗುತ್ತದೆ! ಎಲ್ಲರಿಗೂ ಈ ಭಾಗ್ಯವಿಲ್ಲ. 1831 ರಿಂದ 1836 ರವರೆಗೆ ‘ಬೀಗಲ್’ ಹಡಗಿನಲ್ಲಿ ಲೋಕ ಸುತ್ತಿದ ಚಾರಲ್ಸ್ ಡಾರ್ವಿನ್ ಆ ಐದು ವರ್ಷಗಳೂ ಕಡಲಬೇನೆಯಿಂದ ನರಳಿದನು. ನಮ್ಮ ಮಿತ್ರರ ಒಳಗಿವಿ ಅಷ್ಟು ಹಟಮಾರಿಯಾಗಿರಲಿಲ್ಲ. ಮೂರನೆಯ ದಿನಕ್ಕೆ ಅದು ಕಡಲಿನೊಡನೆ ರಾಜಿಯಾಯಿತು.

ಮೂರನೆಯವನೇ ಎಲ್ಲರಿಗಿಂತ ಗಟ್ಟಿಗ. ನಮ್ಮ ಮಿತ್ರರು ಊರಿನಲ್ಲಿ ಸ್ವಲ್ಪ ತೋಟವನ್ನು ಮಾಡಿಕೊಂಡಿದ್ದಾರೆ. ಹಡಗಿಗೆ ದೂರವಾಣಿಯ ಸಂಪರ್ಕ ಸಿಕ್ಕುವವರೆಗೂ ಅವರು ಆಳಿಗೆ ಕರೆ ಮಾಡಿ, ಕೊಳವೆಬಾವಿಯ ಮೋಟಾರು ನಡೆಯಿತೆ, ವಿದ್ಯುತ್ತು ಬಂದಿತೆ ಎಂದು ವಿಚಾರಿಸುತ್ತಲೇ ಇದ್ದರಂತೆ. ಸಂಪರ್ಕ ತಪ್ಪಿದ ಮೇಲೆ ಒಂದು ದಿನ ಚಡಪಡಿಕೆ. ಅನಂತರ ತಾನಾಗಿ ಸಮಾಧಾನ. ಅರೆಗೆಲಸವು ಮನಸ್ಸಿನ ಬಾಗಿಲನ್ನು ತಟ್ಟುತ್ತಲೇ ಇರುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಅಮೆರಿಕದ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬುವರು 2011 ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮುಗಿಯದ ಕೆಲಸದ ನೆನಪು ಓದುವವರ ಗಮನವನ್ನು ಕೆಡಿಸುತ್ತಿತ್ತು; ಆದರೆ ಆ ಕೆಲಸವನ್ನು ಎಂದು, ಎಲ್ಲಿ, ಹೇಗೆ ಮಾಡುವೆವೆಂದು ಖಚಿತವಾಗಿ ಗೊತ್ತುಮಾಡಿಕೊಂಡವರಿಗೆ ಅದರ ಕಾಟ ತಗ್ಗಿತು. ಕೆಲಸವು ಮುಗಿಯಲೇಬೇಕೆಂದಿಲ್ಲ; ಅದಕ್ಕೊಂದು ನೆಲೆ ತೋರಿಸಿದರೆ ಮನಸ್ಸು ಅದನ್ನು ಕೆಳಗಿಡುತ್ತದೆ.

ಇಲ್ಲಿ ಅಧ್ಯಾಪಕರ ಪತ್ನಿಯವರ ಅನುಭವವನ್ನು ಹೇಳದೆ ಬಿಟ್ಟರೆ ವಿಷಯವು ಅಪೂರ್ಣವಾದೀತು. ಅವರಿಗೂ ತಲೆ ತಿರುಗಿತ್ತು, ಅವರಿಗೂ ಮೊದಲ ರಾತ್ರಿ ನಿದ್ರೆ ಇರಲಿಲ್ಲ. ಆದರೆ “ನಿಮಗೆ ಎಂದು ವಿಶ್ರಾಂತಿ ಸಿಕ್ಕಿತು, ಅಮ್ಮಾ?” ಎಂದು ನಾವು ಕೇಳಿದಾಗ ಅವರು ಚಿಂತಿಸದೆ ಉತ್ತರಿಸಿದರು: “ಮೊದಲನೇ ದಿನಾ ರಾತ್ರಿ ಊಟಕ್ಕ ಕುಂತಾಗನ ರೀ. ಬಡಸಾವರು ಬ್ಯಾರೇದವರು ಇದ್ರಲ್ಲಾ!” ನಲವತ್ತು ವರ್ಷ ಎರಡು ಹೊತ್ತು ಒಲೆಯ ಮುಂದೆ ನಿಂತವರಿಗೆ, ಅಡಿಗೆಮನೆಯನ್ನು ಹಿಂಬಾಲಿಸಿ ತರಲಾರದ ಹಡಗೇ ವಿಶ್ರಾಂತಿಯಾಯಿತು. ಗಂಡನ ಕೆಲಸ ದೂರವಾಣಿಯಲ್ಲಿ ಬೆನ್ನುಹತ್ತಿ ಬಂದಿತು. ಹೆಂಡತಿಯ ಕೆಲಸ ದಡದಲ್ಲಿಯೇ ನಿಂತಿತು. ಜರ್ಮನಿಯ ಸಬೀನೆ ಸೊನೆನ್‌ಟಾಗ್ ಮತ್ತು ಅವರ ಸಹೋದ್ಯೋಗಿ ಶಾರ್ಲೊಟ್ ಫ್ರಿಟ್ಸ್ 2007 ರಲ್ಲಿ ದಣಿವಾರುವ ಅನುಭವಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಕೆಲಸದಿಂದ ಮನಸ್ಸು ಕಳಚಿಕೊಳ್ಳುವುದು, ಸಡಿಲವಾಗುವುದು, ಹೊಸದೊಂದನ್ನು ಕಲಿಯುವುದು, ನಮ್ಮ ವೇಳೆಯ ಮೇಲೆ ನಮಗೇ ಅಧಿಕಾರವಿರುವುದು. ನಾಲ್ಕರಲ್ಲಿ ಮೊದಲನೆಯದು ಆ ತಾಯಿಗೆ ಒಂದೇ ಊಟದಲ್ಲಿ ದೊರೆಯಿತು. ಕುಟುಂಬಸಮೇತ ಯಾತ್ರೆಗೆ ಹೊರಟು, ಹೋದಲ್ಲೆಲ್ಲ ಮನೆಯ ಹೆಂಗಸರಿಂದಲೇ ಒಲೆ ಹೂಡಿಸುವ ನಮ್ಮವರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು.

ಹಾಗಾದರೆ ವಿಶ್ರಾಂತಿಗೆ ಎಷ್ಟು ದಿನ ಬೇಕು? ಇದನ್ನೂ ಅಳೆಯಲು ಯತ್ನಿಸಿದವರಿದ್ದಾರೆ. ನೆದರ್ಲೆಂಡಿನ ಜೆಸ್ಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು ದೀರ್ಘ ರಜೆಯ ಮೇಲೆ ಹೋದ 54 ಮಂದಿ ನೌಕರರನ್ನು ರಜೆಗೆ ಮುಂಚೆ, ರಜೆಯ ನಡುವೆ, ರಜೆಯ ಅನಂತರ ಪ್ರಶ್ನಿಸುತ್ತ ಹೋದರು. ಅವರ ರಜೆ ಸರಾಸರಿ 23 ದಿನಗಳದು. ಆರೋಗ್ಯ ಮತ್ತು ನೆಮ್ಮದಿಯ ಭಾವನೆ ಮೊದಲ ದಿನಗಳಲ್ಲಿ ಬೇಗ ಬೇಗ ಏರಿ, ಎಂಟನೆಯ ದಿನಕ್ಕೆ ಶಿಖರವನ್ನು ಮುಟ್ಟಿತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲಿಯೇ ಅದು ಹಳೆಯ ಮಟ್ಟಕ್ಕೆ ಇಳಿದುಹೋಯಿತು. 2013 ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ “ಎಂಟು ದಿನ” ಎಂಬ ಸೂತ್ರವನ್ನು ಕಟ್ಟುವುದು ಸಲ್ಲದು. 54 ಮಂದಿಯ ಮಾತು ಲೋಕದ ಮಾತಲ್ಲ; ಡಚ್ಚರ ರಜೆ ನಮ್ಮ ರಜೆಯಲ್ಲ. ಇದೇ ತಂಡದವರು ನಾಲ್ಕೈದು ದಿನಗಳ ಚಿಕ್ಕ ರಜೆಯನ್ನೂ ಪರೀಕ್ಷಿಸಿ, ಅದರಿಂದಲೂ ಪ್ರಯೋಜನವುಂಟು, ಆದರೆ ಅದು ಬೇಗನೆ ಮಾಸುತ್ತದೆ ಎಂದು ಕಂಡಿದ್ದಾರೆ. ಆದುದರಿಂದ ಚಿಕ್ಕ ರಜೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ನಮ್ಮ ಮಾತಿಗೆ ಹೆಚ್ಚು ಹತ್ತಿರವಾದುದು ಇನ್ನೊಂದು ಅಭ್ಯಾಸ. ಅದೇ ದೇಶದಲ್ಲಿ ಯೆರೂನ್ ನಾವೈನ್ ಮತ್ತು ಇತರರು 1,530 ವಯಸ್ಕರನ್ನು ವಿಚಾರಿಸಿ 2010 ರಲ್ಲಿ ಬರೆದುದರಂತೆ, ಪ್ರವಾಸ ಮಾಡಿ ಬಂದವರು ಮನೆಯಲ್ಲಿ ಉಳಿದವರಿಗಿಂತ ಅನಂತರದಲ್ಲಿ ಹೆಚ್ಚು ಸುಖಿಗಳಾಗಿರಲಿಲ್ಲ. ತಮ್ಮ ಪ್ರವಾಸವು ಬಹಳ ನೆಮ್ಮದಿಯದಾಗಿತ್ತು ಎಂದವರು ಮಾತ್ರ ಇದಕ್ಕೆ ಹೊರತು. ಹೋದೆವೆಂಬುದು ಮುಖ್ಯವಲ್ಲ, ಹೇಗೆ ಹೋದೆವೆಂಬುದು ಮುಖ್ಯ.

ನಮ್ಮ ಹಿರಿಯರು ಈ ಅಂಕಿಸಂಖ್ಯೆಗಳನ್ನು ಅರಿಯರು. ಆದರೆ ಅವರ ಪ್ರಯಾಣದ ನಿಧಾನವೇ ಅವರಿಗೆ ಬೇಕಾದ ದಿನಗಳನ್ನು ಕೊಡುತ್ತಿತ್ತು. ತಿಳವಳ್ಳಿಯಿಂದ ಬಹಳ ದೂರವಿಲ್ಲದ ಸವಣೂರಿನಲ್ಲಿ 1909 ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936 ರಲ್ಲಿ ಉಚ್ಚ ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ಹೋದದ್ದು ಹಡಗಿನಲ್ಲಿ. ಆ ಕಾಲದಲ್ಲಿ ಮುಂಬಯಿಯಿಂದ ಸೂಯೆಜ್ ಕಾಲುವೆಯ ಮೂಲಕ ಯೂರೋಪನ್ನು ಸೇರಲು ವಾರಗಳೇ ಹಿಡಿಯುತ್ತಿದ್ದವು. ಮೊದಲ ನಾಲ್ಕು ದಿನಗಳ ತಳಮಳ ಕಳೆದರೂ ಅಂಥ ಪ್ರಯಾಣಿಕನಿಗೆ ಇನ್ನೂ ಎಷ್ಟೋ ದಿನ ಕಡಲನ್ನು ನೋಡುತ್ತ ಕುಳಿತಿರುವ ಅವಕಾಶವಿರುತ್ತಿತ್ತು. ಒಳನಾಡಿನ ಈ ಕವಿಯ ‘ಸಮುದ್ರ ಗೀತೆಗಳು’ 1940 ರಲ್ಲಿ ಹೊರಬಂದು ಕನ್ನಡ ಕಾವ್ಯಕ್ಕೆ ಕಡಲಿನ ಹೊಸ ಲಯವನ್ನು ತಂದಿತು. ಬಿಡುವಿದ್ದವರೆಲ್ಲ ಕವಿಗಳಾಗುವರೆಂದು ನಮ್ಮ ವಾದವಲ್ಲ. ಮೊಳೆಯತಕ್ಕ ಬೀಜವಿದ್ದರೂ ನೆಲಕ್ಕೆ ಹದವಾಗುವಷ್ಟು ಕಾಲ ಬೇಕಷ್ಟೆ.

ಕಡಲನ್ನು ಬಿಟ್ಟು ನೆಲದ ಉದಾಹರಣೆಯನ್ನೂ ನೋಡಬಹುದು. ಉತ್ತರ ಕನ್ನಡ ಜಿಲ್ಲೆಯ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಭಾರತ ಹುಣ್ಣಿಮೆಯ ಅಲ್ಲಿನ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ ಕಡೆಯ ಒಕ್ಕಲಿನವರು ಚಕ್ಕಡಿ ಹೂಡಿಕೊಂಡು ಇಂದಿಗೂ ಹೋಗುತ್ತಾರೆ. ದಾರಿಯಲ್ಲಿ ದಿನಗಳೇ ಕಳೆಯುತ್ತವೆ. ಎತ್ತಿಗೆ ನೀರು, ಎತ್ತಿಗೆ ಮೇವು, ಎತ್ತಿಗೆ ನೆರಳು ಬೇಕು. ಎತ್ತು ನಿಂತಾಗ ಮನುಷ್ಯನೂ ನಿಲ್ಲಲೇಬೇಕು. ದನಗಳು ದಿನಕ್ಕೆ ಏಳೆಂಟು ಗಂಟೆಗಳಷ್ಟು ಹೊತ್ತು ಮೆಲುಕು ಹಾಕುತ್ತವೆ. ಬೆದರಿದರೆ, ದಣಿದರೆ, ಕೊಟ್ಟಿಗೆ ಬದಲಾದರೆ ಮೆಲುಕು ಕಡಿಮೆಯಾಗುತ್ತದೆ. ಹಾವೇರಿಯ ದನದ ಸಂತೆಯಿಂದ ಹೊಸ ಎತ್ತನ್ನು ತಂದ ರೈತನು ಅದು ಎಷ್ಟು ಮೇಯಿತೆಂಬುದನ್ನಷ್ಟೇ ನೋಡಿ ತೃಪ್ತನಾಗುವುದಿಲ್ಲ. ಮಲಗಿ ಮೆಲುಕು ಹಾಕಿತೆ ಎಂದು ನೋಡುತ್ತಾನೆ. ಮೆಲುಕು ಹಾಕಿತೆಂದರೆ ಅದು ಹೊಸ ಕೊಟ್ಟಿಗೆಯನ್ನು ತನ್ನದೆಂದು ಒಪ್ಪಿತೆಂದು ಅರ್ಥ.

ಎತ್ತಿಗೆ ತೋರುವ ಈ ದಯೆಯನ್ನು ನಾವು ನಮ್ಮ ಮಕ್ಕಳಿಗೆ ತೋರುತ್ತಿದ್ದೇವೆಯೆ? ಚಳಿಗಾಲ ಬಂದಿತೆಂದರೆ ಶಾಲೆ ಕಾಲೇಜುಗಳ ಪ್ರವಾಸದ ಬಸ್ಸುಗಳು ಹೊರಡುತ್ತವೆ. ನಮ್ಮ ಕಡೆಯ ಒಂದು ಪ್ರವಾಸದ ಪಟ್ಟಿಯನ್ನು ನಾವು ಕಣ್ಣಾರೆ ಕಂಡೆವು: ನಾಲ್ಕು ಹಗಲು, ಮೂರು ರಾತ್ರಿ, ಅದರಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಶ್ರೀರಂಗಪಟ್ಟಣ, ಮೈಸೂರು, ಸಾಲದೆಂಬಂತೆ ಮರಳುವಾಗ ಇನ್ನೂ ಮೂರು ಸ್ಥಳಗಳು. ಎರಡು ರಾತ್ರಿ ಬಸ್ಸಿನಲ್ಲಿಯೇ ನಿದ್ರೆ. ಹಳೇಬೀಡಿನ ಶಿಲ್ಪದ ಮುಂದೆ ಅರ್ಧ ಗಂಟೆ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಹನ್ನೆರಡು ಗಂಟೆ. ಮರಳಿದ ಹುಡುಗರನ್ನು ನಾವು ಕೇಳಿದಾಗ, ಯಾವ ಗುಡಿ ಯಾವ ಊರಿನದೆಂಬುದು ಹಲವರಿಗೆ ಕಲಸಿಹೋಗಿತ್ತು. ಇದು ಮಕ್ಕಳ ತಪ್ಪಲ್ಲ. ಅಂದು ಕಂಡದ್ದು ನೆನಪಿನಲ್ಲಿ ನೆಲೆಯೂರುವುದು ಬಹುಮಟ್ಟಿಗೆ ಅಂದಿನ ನಿದ್ರೆಯಲ್ಲಿ. ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬುವರು 1924 ರಷ್ಟು ಹಿಂದೆಯೇ ಇಬ್ಬರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ, ಕಲಿತ ಮೇಲೆ ಎಚ್ಚರವಾಗಿದ್ದವರಿಗಿಂತ ನಿದ್ರಿಸಿದವರು ಕಡಿಮೆ ಮರೆಯುವರೆಂದು ತೋರಿಸಿದ್ದರು. ಆಮೇಲಿನ ನೂರು ವರ್ಷಗಳ ಸಂಶೋಧನೆ ಈ ಮಾತನ್ನು ಬಲಪಡಿಸುತ್ತಲೇ ಬಂದಿದೆ. ನಿದ್ರೆಯನ್ನು ಕಸಿದು ದೃಶ್ಯಗಳನ್ನು ಹೆಚ್ಚಿಸುವುದು, ತಳವೊಡೆದ ಕೊಡಕ್ಕೆ ನೀರು ಹೊತ್ತಂತೆ.

ಇದಕ್ಕೆ ಆಕ್ಷೇಪ ಬರುವುದನ್ನು ನಾವು ಬಲ್ಲೆವು. “ಬಡ ಮಕ್ಕಳು ಮತ್ತೊಮ್ಮೆ ಆ ಕಡೆ ಹೋಗುವುದೆಂದು? ಹೋದಾಗಲೇ ಎಲ್ಲವನ್ನೂ ತೋರಿಸಬೇಡವೆ? ತಂಗಿದರೆ ಖರ್ಚು ಹೆಚ್ಚಲ್ಲವೆ?” ಎಂದು ಅಧ್ಯಾಪಕರು ಕೇಳುತ್ತಾರೆ. ಈ ಮಾತಿನಲ್ಲಿ ಮಕ್ಕಳ ಮೇಲಣ ಪ್ರೀತಿಯಿದೆ. ಅದನ್ನು ಹಗುರವಾಗಿ ತಳ್ಳಲಾಗದು. ಆದರೆ ಎಲ್ಲವನ್ನೂ ತೋರಿಸುವೆನೆಂದು ಹೊರಟು ಏನನ್ನೂ ಕಾಣಗೊಡದಿರುವುದು ಪ್ರೀತಿಯ ಫಲವಾಗಬಾರದು. ಒಂದೇ ಊರಿನಲ್ಲಿ ಎರಡು ರಾತ್ರಿ ತಂಗಿ, ಅದರ ಸುತ್ತಲಿನ ಎರಡು ಮೂರು ಸ್ಥಳಗಳನ್ನು ನಿಧಾನವಾಗಿ ನೋಡಿದರೆ ದಾರಿಯ ಖರ್ಚಾದರೂ ಉಳಿಯುತ್ತದೆ. ನಾಲ್ಕನೆಯ ಸ್ಥಳ ಮುಂದಿನ ವರ್ಷದ ಮಕ್ಕಳಿಗಿರಲಿ.

ದೊಡ್ಡವರೂ ಈ ರೋಗದಿಂದ ಮುಕ್ತರಲ್ಲ, ಶ್ರೀಮಂತರೂ ಅಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಹೊರದೇಶಗಳ ವಿಹಾರನೌಕೆಗಳು ಬೆಳಗ್ಗೆ ಬಂದು ಸಂಜೆಗೆ ತೆರಳುವುದುಂಟು. ಆ ಒಂದು ಹಗಲಿನಲ್ಲಿ ಪ್ರವಾಸಿಗಳು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ಮಂಗಳೂರಿನ ಪೇಟೆಯನ್ನೂ ನೋಡಿ ಮುಗಿಸುತ್ತಾರೆ. ಸಾವಿರಾರು ಮೈಲಿ ದೂರದಿಂದ ಬಂದವರು ನಿಶ್ಚಲನಾಗಿ ನಿಂತ ಗೊಮ್ಮಟನ ಮುಂದೆ ಗಡಿಯಾರವನ್ನು ನೋಡಿಕೊಳ್ಳುವುದು ಒಂದು ವಿಚಿತ್ರ ದೃಶ್ಯ. ಅವರಲ್ಲಿ ಕೆಲವರು ಅಂದು ಹಡಗಿನಿಂದ ಇಳಿಯದೆ, ಬರಿದಾದ ಮೇಲಟ್ಟದ ಮೇಲೆ ಕುಳಿತಿದ್ದರೆ ಅವರನ್ನು ಸೋಮಾರಿಗಳೆಂದು ಕರೆಯಲು ನಮಗೆ ಧೈರ್ಯವಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಪ್ರವಾಸವನ್ನು ಸ್ಥಳಗಳ ಲೆಕ್ಕದಿಂದ ಅಳೆಯಬಾರದು. ಒಂದೇ ಹಾಸಿಗೆಯಲ್ಲಿ ಕಳೆದ ರಾತ್ರಿಗಳ ಲೆಕ್ಕದಿಂದ ಅಳೆಯಬೇಕು. ಹೊರಡುವ ಮುನ್ನ ಉಳಿದ ಕೆಲಸಗಳನ್ನು, ಮರಳಿದ ಮೇಲೆ ಯಾವ ದಿನ ಯಾವುದನ್ನು ಮಾಡುವುದೆಂಬ ವಿವರದೊಡನೆ, ಒಂದು ಕಾಗದದ ಮೇಲೆ ಬರೆದು ಮನೆಯಲ್ಲಿಯೇ ಇಟ್ಟು ಹೋಗಬೇಕು. ಪ್ರವಾಸದ ನಡುವೆ ಒಂದು ದಿನವನ್ನಾದರೂ ಯಾವ ಕಾರ್ಯಕ್ರಮವೂ ಇಲ್ಲದೆ ಬರಿದಾಗಿ ಬಿಡಬೇಕು. ಅದು ಮೊದಲ ದಿನವಾಗದೆ ಮೂರನೆಯದೋ ನಾಲ್ಕನೆಯದೋ ಆದರೆ ಲೇಸು. ಏಕೆಂದರೆ ದೇಹವು ಅದನ್ನು ಬಳಸಿಕೊಳ್ಳಲು ಸಿದ್ಧವಾಗಿರುವುದು ಆಗಲೇ. ಶಾಲೆಗಳ ಪ್ರವಾಸದಲ್ಲಂತೂ ರಾತ್ರಿಯ ಬಸ್ಸಿನ ನಿದ್ರೆಯನ್ನು ನಿದ್ರೆಯೆಂದು ಎಣಿಸುವುದನ್ನು ಬಿಟ್ಟುಬಿಡಬೇಕು.

ಹಡಗಿನ ಟಿಕೀಟು ಎಲ್ಲರಿಗೂ ಎಟುಕುವುದಲ್ಲ. ದಿನಗೂಲಿಯವನಿಗೆ ನಾಲ್ಕು ದಿನದ ರಜೆಯೇ ದುಬಾರಿ. ಅವನಿಗೆ ಸಂಬಳಸಹಿತ ಬಿಡುವು ದೊರೆಯಬೇಕೆಂಬುದು ಬೇರೆಯೇ ಆದ, ಇನ್ನೂ ದೊಡ್ಡದಾದ ನ್ಯಾಯದ ಮಾತು. ಆದರೆ ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗೆ ಮನೆಯ ಜಗುಲಿಯೇ ಮೇಲಟ್ಟವಾಗಬಲ್ಲದು. ಅವನ ಹಾಸಿಗೆ ಹಳೆಯದು, ನೆಲ ಅಲುಗುವುದಿಲ್ಲ. ಗಂಟೆ ಬಾರಿಸುವ ಮೂವರಲ್ಲಿ ಇಬ್ಬರು ಆಗಲೇ ಇಲ್ಲ. ಉಳಿದ ಒಬ್ಬನನ್ನು ಹೊರಗಟ್ಟುವುದು ಮಾತ್ರ ಅವನ ಕೆಲಸ. ಮೊದಲ ಎರಡು ದಿನ ಬೇಸರವೆನಿಸಿ ಕೈ ದೂರವಾಣಿಯತ್ತ ಚಾಚಿದರೆ ಅವನು ಗಾಬರಿಗೊಳ್ಳಬೇಕಾಗಿಲ್ಲ. ಅದು ವಿಶ್ರಾಂತಿ ಬಾರದೆಂಬುದರ ಗುರುತಲ್ಲ; ಇನ್ನೂ ಬಂದಿಲ್ಲವೆಂಬುದರ ಗುರುತು.

ನಮ್ಮ ಅಧ್ಯಾಪಕ ಮಿತ್ರರು ಈಗ ಸಂಜೆಯ ಹೊತ್ತು ಶಾಂತೇಶ್ವರ ದೇವಾಲಯದ ಕಡೆ ಹೋಗಿ ಸುಮ್ಮನೆ ಕೂಡುವ ರೂಢಿ ಮಾಡಿಕೊಂಡಿದ್ದಾರೆ. ದೂರವಾಣಿಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. “ಇಲ್ಲೆ ಕುಂತರ ಹಡಗಿನ ನಾಕನೇ ದಿನಾ ನೆನಪಾಕ್ಕೈತಿ” ಎನ್ನುತ್ತಾರೆ. ಅವರ ಪತ್ನಿಯವರಿಗೆ ಇನ್ನೂ ಅಂಥ ಸಂಜೆ ಒದಗಿಲ್ಲ; ಅಡಿಗೆಮನೆ ಅವರನ್ನು ಮತ್ತೆ ಹಿಡಿದುಕೊಂಡಿದೆ. ವಾರಕ್ಕೆ ಒಂದು ಸಂಜೆಯಾದರೂ ಒಲೆಯ ಮುಂದೆ ತಾವು ನಿಂತು ಅವರನ್ನು ದೇವಾಲಯಕ್ಕೆ ಕಳುಹಿಸಬೇಕೆಂದು ನಾವು ಮಿತ್ರರಿಗೆ ಹೇಳಿದ್ದೇವೆ. ಅವರು ಆಲೋಚಿಸುತ್ತಿದ್ದಾರೆ.